ಜರಿತೆಯ ಮರಿಗಳು ಹೇಳಿದ್ದು

ಬಾಲ್ಕನಿಯಲ್ಲಿ ಹಕ್ಕಿ ಗೂಡು ಕಟ್ಟಿದ ಪ್ರಬಂಧವೊಂದನ್ನಾದರೂ ಓದದ ಕನ್ನಡ ಓದುಗರು ಈಗ ವಿರಳ. ಅದರ ನಡೆ ನಮಗೆಲ್ಲ ಬಾಯಿಪಾಠ. ಒಂದು ಬೆಳಿಗ್ಗೆ ಮನಿಪ್ಲಾಂಟಿನ ಕುಂಡದಲ್ಲಿ ನಾಲ್ಕು ಎಳೆ ನಾರು ಕಾಣಿಸುತ್ತದೆ. ಮನೆಯವರು ಅಲ್ಲಿ ಬಟ್ಟೆ ಒಣಹಾಕುವುದನ್ನು ನಿಲ್ಲಿಸುತ್ತಾರೆ. ಮೊಟ್ಟೆ, ಕಾವು, ಮರಿ, ತುತ್ತು. ಕೊನೆಗೊಂದು ದಿನ ಮರಿಗಳು ಹಾರಿಹೋಗುತ್ತವೆ. ಖಾಲಿ ಗೂಡಿನ ಮುಂದೆ ನಿಂತ ಲೇಖಕರಿಗೆ ಅಮೆರಿಕದಲ್ಲಿರುವ ಮಗನೋ, ಊರಲ್ಲಿ ಒಂಟಿಯಾಗಿರುವ ತಾಯಿಯೋ ನೆನಪಾಗುತ್ತಾರೆ. ಗೇಲಿ ಮಾಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಇಂಥ ಬರಹ ಓದಿ ನನ್ನ ಕಣ್ಣೂ ಒದ್ದೆಯಾಗಿದೆ. ಆದರೆ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಕೆಮ್ಮೀಸೆಯ ಪಿಕಳಾರ ಗೂಡು ಕಟ್ಟಿದ ಮೇಲೆ ಈ ಪ್ರಕಾರದ ಬಗ್ಗೆ ನನಗೊಂದು ತಕರಾರು ಹುಟ್ಟಿಕೊಂಡಿದೆ.

ಮೂರು ಮೊಟ್ಟೆಯಲ್ಲಿ ಎರಡು ಒಡೆದು ಮರಿಯಾದವು. ಗಂಡು ಹೆಣ್ಣು ಎರಡೂ ಹುಳ ತಂದು ಉಣಿಸುತ್ತಿದ್ದವು. ಮರಿಯ ಹಿಕ್ಕೆ ಬಿಳಿಯ ಪೊಟ್ಟಣದ ಹಾಗೆ ಹೊರಬಂದರೆ ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ದೂರ ಹೋಗಿ ಎಸೆದು ಬರುತ್ತಿದ್ದವು. ನಾನು ಮನಸ್ಸಿನಲ್ಲೇ ಪ್ರಬಂಧ ಬರೆಯುತ್ತಿದ್ದೆ. ಮರಿಗಳು ಹಾರುವ ಕೊನೆಯ ಪ್ಯಾರಾ ಆಗಲೇ ಸಿದ್ಧವಾಗಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಗೂಡು ಬರಿದು. ಕಾಗೆಯೋ, ಇಲಿಯೋ, ಬೆಕ್ಕೋ, ಒಂದು ಪುಕ್ಕದ ಗುರುತೂ ಉಳಿದಿರಲಿಲ್ಲ. ಅಮ್ಮ ಎರಡು ದಿನ ಬಾಲ್ಕನಿಯ ಬಾಗಿಲು ತೆಗೆಯಲಿಲ್ಲ. ನಾನು ಪ್ರಬಂಧ ಬರೆಯಲಿಲ್ಲ.

ಯಾಕೆ ಬರೆಯಲಿಲ್ಲ ಎಂಬುದೇ ನನ್ನ ತಕರಾರಿನ ಮೂಲ. ಬಟ್ಟಲಿನಂಥ ಗೂಡು ಕಟ್ಟುವ ಸಣ್ಣ ಹಕ್ಕಿಗಳ ಬದುಕಿನಲ್ಲಿ, ಮರಿ ಹಾರುವ ಮೊದಲೇ ಗೂಡು ಬರಿದಾಗುವುದು ಅಪರೂಪವೇನಲ್ಲ. ಆದರೂ ನಮ್ಮ ಪ್ರಬಂಧಗಳಲ್ಲಿ ಬಹುಪಾಲು ಮರಿಗಳು ಕ್ಷೇಮವಾಗಿ ಹಾರುತ್ತವೆ. ಅವು ಹಾರದಿದ್ದರೆ ನಮ್ಮ ರೂಪಕ ಹಾರುವುದಿಲ್ಲವಲ್ಲ! ಹಾರಿದ ಮೇಲಾದರೂ ನಾವು ನೋಡುತ್ತೇವೆಯೇ ಎಂದರೆ ಅದೂ ಇಲ್ಲ. ಗೂಡು ಬಿಟ್ಟ ಪಿಕಳಾರದ ಮರಿಗೆ ಸರಿಯಾಗಿ ಹಾರಲು ಬರುವುದಿಲ್ಲ. ಪಕ್ಕದ ಪೊದೆಯಲ್ಲಿ ಕೂತು ಇನ್ನೂ ಎಷ್ಟೋ ದಿನ ತಂದೆತಾಯಿಯ ಹತ್ತಿರ ತುತ್ತಿಗೆ ಬಾಯಿ ತೆರೆಯುತ್ತದೆ. ಖಾಲಿ ಗೂಡಿನ ಮುಂದೆ ನಿಂತು ನಾವು ನಿಟ್ಟುಸಿರು ಬಿಡುವ ಹೊತ್ತಿಗೆ, ಇಡೀ ಸಂಸಾರ ಹತ್ತು ಮಾರು ದೂರದ ದಾಸವಾಳದ ಗಿಡದಲ್ಲಿ ಗದ್ದಲ ಎಬ್ಬಿಸುತ್ತಿರುತ್ತದೆ. ಗೂಡು ಹಕ್ಕಿಗೆ ಮನೆಯಲ್ಲ, ತೊಟ್ಟಿಲು. ಅದನ್ನು ಮನೆ ಎಂದುಕೊಂಡದ್ದು ನಾವು.

ಗೂಡಿನಿಂದ ನೀತಿ ತೆಗೆಯುವ ಚಾಳಿ ಹೊಸದೇನಲ್ಲ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನ ಇಪ್ಪತ್ತನಾಲ್ಕು ಗುರುಗಳಲ್ಲಿ ಒಂದು ಪಾರಿವಾಳ. ಮರಿಗಳು ಬೇಡನ ಬಲೆಗೆ ಬೀಳುತ್ತವೆ, ಹಿಂದೆಯೇ ತಾಯಿ ಬೀಳುತ್ತದೆ, ಕಡೆಗೆ ತಂದೆಯೂ ಬೀಳುತ್ತದೆ. ಸಂಸಾರದ ಮೋಹ ಕೊಲ್ಲುತ್ತದೆ ಎಂಬುದು ಪಾಠ. ನಮ್ಮ ಬಾಲ್ಕನಿ ಪ್ರಬಂಧ ಇದನ್ನೇ ತಿರುಗಿಸಿ ಮೋಹವನ್ನು ಹಾಡಿ ಹೊಗಳುತ್ತದೆ. ಎರಡಕ್ಕೂ ಹಕ್ಕಿ ಬರೀ ನೆಪ.

ಇದಕ್ಕೆ ನೇರ ಎದುರಾಗಿ ನಿಲ್ಲುವ ಬರಹವೆಂದರೆ ಸಲೀಂ ಅಲಿಯವರ ಬಾಲ್ಯದ ಒಂದು ಟಿಪ್ಪಣಿ. 1985ರಲ್ಲಿ ಬಂದ ಅವರ ಆತ್ಮಕಥೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ದಲ್ಲಿ ಅದಿದೆ. ಹತ್ತು ಹನ್ನೊಂದು ವರ್ಷದ ಹುಡುಗ, ಕೈಯಲ್ಲಿ ಏರ್‌ಗನ್. ಮನೆಯ ಕುದುರೆ ಲಾಯದ ಗೋಡೆಯ ತೂತಿನಲ್ಲಿ ಗುಬ್ಬಿ ಗೂಡು ಕಟ್ಟಿದೆ. ಒಳಗೆ ಹೆಣ್ಣು ಕಾವು ಕೂತಿದೆ, ಹೊರಗಿನ ಮೊಳೆಯ ಮೇಲೆ ಗಂಡು ಕಾವಲಿದೆ. ಹುಡುಗ ಗಾಡಿಯ ಹಿಂದೆ ಅಡಗಿ ಗಂಡನ್ನು ಹೊಡೆಯುತ್ತಾನೆ. ಸ್ವಲ್ಪ ಹೊತ್ತಿಗೆ ಆ ಹೆಣ್ಣಿಗೆ ಇನ್ನೊಂದು ಗಂಡು ಸಿಗುತ್ತದೆ. ಅದನ್ನೂ ಹೊಡೆಯುತ್ತಾನೆ. ಏಳು ದಿನದಲ್ಲಿ ಎಂಟು ಗಂಡುಗುಬ್ಬಿ. ಪ್ರತಿಸಲವೂ ಮೊಳೆಯ ಮೇಲೆ ಹೊಸ ಗಂಡು ಬಂದು ಕೂರುತ್ತದೆ.

ಓದುವಾಗ ಮೈ ಜುಮ್ಮೆನ್ನುತ್ತದೆ. ಕ್ರೌಂಚದ ಜೋಡಿಯಲ್ಲಿ ಒಂದನ್ನು ಬೇಡ ಕೊಂದದ್ದಕ್ಕೆ ನಮಗೆ ಆದಿಕಾವ್ಯ ಸಿಕ್ಕಿತು. ಇಲ್ಲಿ ಎಂಟು ಸತ್ತರೂ ಸಿಕ್ಕಿದ್ದು ಕೆಲವು ಸಾಲಿನ ಟಿಪ್ಪಣಿ. ಆದರೆ ಆ ಕೆಲವು ಸಾಲಿನಲ್ಲಿರುವ ಸಂಗತಿ ಯಾವ ಶೋಕಗೀತೆಯಲ್ಲೂ ಇಲ್ಲ: ಹೆಣ್ಣು ಅಳುತ್ತ ಕೂರಲಿಲ್ಲ, ಕಾವು ಬಿಡಲಿಲ್ಲ, ಜೊತೆಗಾರ ಬೇಕಿತ್ತು, ಪಡೆದುಕೊಂಡಿತು. ಕರುಣೆ ಇದ್ದ ಕವಿ ಆ ಹೆಣ್ಣಿನ ಶೋಕವನ್ನು ಕೇಳಿದ. ಕರುಣೆ ಇನ್ನೂ ಮೂಡದ ಹುಡುಗ ಆ ಹೆಣ್ಣು ಮುಂದೆ ಏನು ಮಾಡಿತು ಎಂಬುದನ್ನು ನೋಡಿದ. ಹಕ್ಕಿಯ ಬಗ್ಗೆ ಹೆಚ್ಚು ಹೇಳಿದವರು ಯಾರು? ನನಗೆ ಈ ಪ್ರಶ್ನೆ ಇಷ್ಟವಿಲ್ಲ, ಆದರೂ ಅದು ಬಿಡುವುದಿಲ್ಲ.

ಬಂದೂಕು ಹಿಡಿಯದೆಯೂ ಹೀಗೆ ನೋಡಬಹುದು ಎಂದು ತೋರಿಸಿದವರಲ್ಲಿ ಇಂಗ್ಲೆಂಡಿನ ಲೆನ್ ಹೊವಾರ್ಡ್ ಒಬ್ಬರು. ಸಂಗೀತಗಾರ್ತಿಯಾಗಿದ್ದ ಆಕೆ ಸಸೆಕ್ಸಿನ ಹಳ್ಳಿಮನೆಯೊಂದರಲ್ಲಿ ಕಿಟಕಿಗಳನ್ನು ತೆರೆದಿಟ್ಟುಕೊಂಡು ಗ್ರೇಟ್ ಟಿಟ್ ಹಕ್ಕಿಗಳ ಜೊತೆ ಬದುಕಿದರು. 1952ರಲ್ಲಿ ಬಂದ ‘ಬರ್ಡ್ಸ್ ಆ್ಯಸ್ ಇಂಡಿವಿಜುವಲ್ಸ್’ನ ಹೆಸರೇ ಅವರ ವಾದ: ಒಂದು ಹಕ್ಕಿ ಇನ್ನೊಂದರಂತಲ್ಲ. ಒಂದೊಂದಕ್ಕೂ ಹೆಸರಿಟ್ಟರು, ಮುಖ ಗುರುತಿಟ್ಟರು, ವರ್ಷಗಟ್ಟಲೆ ಹಿಂಬಾಲಿಸಿದರು. ಹೆಸರಿಡುವುದು ಮೆದು ಮನಸ್ಸಿನ ಕೆಲಸ ಎಂದು ತಳ್ಳಿಹಾಕುವವರಿದ್ದಾರೆ. ನನ್ನ ಅನುಭವ ಬೇರೆ. ನಮ್ಮ ಗೂಡು ಬರಿದಾಗಿ ಮೂರು ವಾರಕ್ಕೆ, ಪಕ್ಕದ ಮನೆಯ ಕರಿಬೇವಿನ ಗಿಡಕ್ಕೆ ಪಿಕಳಾರದ ಜೋಡಿಯೊಂದು ನಾರು ಸಾಗಿಸತೊಡಗಿತು. ಅವೇ ಎರಡೋ, ಬೇರೆಯವೋ? ಇಪ್ಪತ್ತು ದಿನ ಮೂರಡಿ ದೂರದಿಂದ ನೋಡಿದ್ದ ನನಗೆ ಹೇಳಲಾಗಲಿಲ್ಲ. ನಾನು ‘ತಾಯಿ’ಯನ್ನು ನೋಡಿದ್ದೆ, ಆ ಹಕ್ಕಿಯನ್ನು ನೋಡಿರಲಿಲ್ಲ.

ಆ ದಿನಗಳಲ್ಲೇ ಮಹಾಭಾರತದ ಆದಿಪರ್ವದ ಶಾರ್ಙ್ಗಕ ಹಕ್ಕಿಗಳ ಕಥೆಯನ್ನು ಮತ್ತೆ ಓದಿದೆ. ಖಾಂಡವವನವನ್ನು ಅಗ್ನಿ ಸುಟ್ಟಾಗ ಬದುಕಿ ಉಳಿದವರು ಆರೇ ಜನ. ಅವರಲ್ಲಿ ನಾಲ್ಕು ಹಕ್ಕಿಮರಿಗಳು. ಕಥೆ ಶುರುವಾಗುವುದೇ ತಮಾಷೆಯಾಗಿ. ಮಂದಪಾಲನೆಂಬ ಋಷಿಗೆ ಮಕ್ಕಳಿಲ್ಲದ ಕಾರಣ ತಪಸ್ಸಿನ ಫಲ ದಕ್ಕುವುದಿಲ್ಲ. ಬೇಗ, ಹೆಚ್ಚು ಮಕ್ಕಳನ್ನು ಹಡೆಯುವ ಜೀವಿ ಯಾವುದು ಎಂದು ಲೆಕ್ಕಹಾಕಿ ಅವನು ಹಕ್ಕಿಯಾಗುತ್ತಾನೆ. ಜರಿತೆ ಎಂಬ ಹೆಣ್ಣಿನಲ್ಲಿ ನಾಲ್ಕು ಮೊಟ್ಟೆ ಪಡೆದು, ಅವನ್ನು ಅಲ್ಲೇ ಬಿಟ್ಟು ಲಪಿತೆ ಎಂಬ ಇನ್ನೊಬ್ಬಳ ಹಿಂದೆ ಹಾರುತ್ತಾನೆ.

ಬೆಂಕಿ ಹತ್ತಿರ ಬರುತ್ತದೆ. ಮರಿಗಳಿಗೆ ರೆಕ್ಕೆ ಬಂದಿಲ್ಲ. ನಾಲ್ಕನ್ನೂ ಹೊತ್ತು ಹಾರಲು ಜರಿತೆಗೆ ಆಗುವುದಿಲ್ಲ. ಯಾವುದನ್ನು ಒಯ್ಯಲಿ, ಯಾವುದನ್ನು ಬಿಡಲಿ ಎಂದು ಅವಳು ಒದ್ದಾಡುತ್ತಾಳೆ. ಮೈಯಿಂದ ಮುಚ್ಚಿಕೊಂಡು ಒಟ್ಟಿಗೆ ಸಾಯೋಣವೇ ಎಂದೂ ಯೋಚಿಸುತ್ತಾಳೆ. ಭಾಗವತದ ಪಾರಿವಾಳವಾಗಿದ್ದರೆ ಹಾಗೇ ಮಾಡುತ್ತಿತ್ತು. ಇಲ್ಲಿ ಮರಿಗಳೇ ತಡೆಯುತ್ತವೆ. ನಾವು ಸತ್ತರೆ ನಿನಗೆ ಬೇರೆ ಮಕ್ಕಳಾಗುತ್ತಾರೆ, ನೀನು ಸತ್ತರೆ ವಂಶವೇ ನಿಲ್ಲುತ್ತದೆ, ಹೊರಡು ಎನ್ನುತ್ತವೆ. ಮರದ ಕೆಳಗಿನ ಇಲಿಯ ಬಿಲದಲ್ಲಿ ಬಚ್ಚಿಟ್ಟುಕೊಳ್ಳಿ ಎಂದು ತಾಯಿ ಹೇಳಿದರೆ ಒಪ್ಪುವುದಿಲ್ಲ. ಆ ಇಲಿಯನ್ನು ಗಿಡುಗ ಹೊತ್ತೊಯ್ದದ್ದನ್ನು ಕಂಡಿದ್ದೇನೆ ಎಂದು ಅವಳು ಅಂದರೆ, ಬಿಲದಲ್ಲಿ ಬೇರೆ ಇಲಿ ಇರಬಹುದಲ್ಲ ಎನ್ನುತ್ತವೆ. ಗಾಳಿ ತಿರುಗಿದರೆ ಬೆಂಕಿ ಬಾರದೆಯೂ ಹೋಗಬಹುದು, ಆದರೆ ಇಲಿಯ ಬಾಯಿಗೆ ಬಿದ್ದರೆ ಸಾವು ಖಚಿತ ಎಂಬುದು ಅವುಗಳ ಲೆಕ್ಕ. ಇಷ್ಟಕ್ಕೇ ನಿಲ್ಲದೆ, ನಾವು ನಿನಗೇನೂ ಉಪಕಾರ ಮಾಡಿಲ್ಲ, ನಾವು ಯಾರೆಂದೂ ನಿನಗೆ ಗೊತ್ತಿಲ್ಲ, ನಮಗೆ ನೀನು ಯಾರು ಎಂದು ತಾಯಿಯನ್ನೇ ಕೇಳಿಬಿಡುತ್ತವೆ.

ಮಾತಾಡುವ ಮರಿಗಳು, ದೇವರ ವರ, ಋಷಿಯ ಪೂರ್ವಜನ್ಮ ಎಲ್ಲ ಇರುವ ಈ ಕಥೆ ನಮ್ಮ ವಾಸ್ತವವಾದಿ ಬಾಲ್ಕನಿ ಪ್ರಬಂಧಗಳಿಗಿಂತ ಹಕ್ಕಿಗೆ ಹತ್ತಿರವಾಗಿದೆ ಎಂದು ನನಗನ್ನಿಸಿದ್ದು ಇದಕ್ಕೇ. ಆಪತ್ತು ಮಿತಿಮೀರಿದರೆ ಎಷ್ಟೋ ಹಕ್ಕಿಗಳು ಗೂಡು ಬಿಟ್ಟು ಹಾರುತ್ತವೆ, ಬದುಕಿದರೆ ಮತ್ತೆ ಮೊಟ್ಟೆ ಇಡುತ್ತವೆ. ನಮ್ಮ ಪ್ರಬಂಧಗಳಲ್ಲಿ ಇಂಥ ತಾಯಿಗೆ ಜಾಗವಿಲ್ಲ. ವ್ಯಾಸರಲ್ಲಿ ಇದೆ, ಅದೂ ಅವಳ ಸಂಕಟವನ್ನು ಒಂದಿಷ್ಟೂ ಕಡಿಮೆ ಮಾಡದೆ. ಜರಿತೆ ಮರಿಗಳನ್ನು ಬಿಟ್ಟು ನಿಜವಾಗಿಯೂ ಹಾರಿಹೋಗುತ್ತಾಳೆ. ಅದಕ್ಕಾಗಿ ಅವಳನ್ನು ಯಾರೂ ದೂರುವುದಿಲ್ಲ.

ಅಗ್ನಿ ಮರಿಗಳನ್ನು ಉಳಿಸುತ್ತಾನೆ. ಜರಿತೆ ಮರಳಿ ಬಂದು ಒಂದೊಂದನ್ನೂ ಅಪ್ಪಿ ಅಳುತ್ತಾಳೆ. ಆಮೇಲೆ ಮಂದಪಾಲ ಬರುತ್ತಾನೆ. ಯಾರೂ ಅವನನ್ನು ಮಾತಾಡಿಸುವುದಿಲ್ಲ. ಇವರಲ್ಲಿ ಹಿರಿಯವನು ಯಾರು, ಎರಡನೆಯವನು ಯಾರು ಎಂದು ಅವನೇ ಕೇಳುತ್ತಾನೆ. ಹಿರಿಯವನನ್ನು ಕಟ್ಟಿಕೊಂಡು ನಿನಗೇನಾಗಬೇಕು, ಆ ಲಪಿತೆಯ ಹತ್ತಿರವೇ ಹೋಗು ಎನ್ನುತ್ತಾಳೆ ಜರಿತೆ.