ಅಕ್ಷರದ ಭಾರ, ಧ್ವನಿಯ ಭಾರ: ಭಾಷಾ ದಾಖಲೀಕರಣದ ಕಡತರೂಪಗಳನ್ನು ಕುರಿತು

ಭಾರತೀಯ ಲಿಪಿಗಳ ಗಣಕೀಕರಣದ ಚರ್ಚೆಯಲ್ಲಿ ಒಂದು ಆಕ್ಷೇಪವಿದೆ: ಯುಟಿಎಫ್-8 ಸಂಕೇತನವು ನಮ್ಮ ಲಿಪಿಗಳ ಮೇಲೆ ಅನಗತ್ಯ ಭಾರ ಹೇರುತ್ತದೆ. ಆಕ್ಷೇಪದ ಲೆಕ್ಕ ಸರಿಯಾಗಿದೆ. ಮೂಲ ರೋಮನ್ ಅಕ್ಷರವೊಂದಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಸ್ತ್ರೀ’ ಎಂಬುದು ಮೂರು ವ್ಯಂಜನ, ಎರಡು ಹಲಂತ ಮತ್ತು ಒಂದು ಸ್ವರಚಿಹ್ನೆಗಳಿಂದ ಕೂಡಿ 18 ಬೈಟ್‌ಗಳಾಗುತ್ತದೆ. 1991ರ ಇಸ್ಕಿ ಮಾನಕದಲ್ಲಿ ಇದಕ್ಕೆ 6 ಬೈಟ್ ಸಾಕಿತ್ತು. ಆದರೆ ಭಾಷಾ ದಾಖಲೆಗಳು ಓದುಗರನ್ನು ತಲುಪಲು ಇದೇ ಅಡ್ಡಿ ಎಂಬ ತೀರ್ಮಾನವನ್ನು ನಾವು ಒಪ್ಪಲಾರೆವು.

ಒಂದು ಗಂಟೆಯ ಮಾತಿನಲ್ಲಿ 6,000 ಪದಗಳು, ಪದಕ್ಕೆ 8 ಸಂಕೇತಗಳು ಎಂದು ಗ್ರಹಿಸೋಣ. ಅದರ ಲಿಪ್ಯಂಕನ 1,44,000 ಬೈಟ್. ಅದೇ ಮಾತನ್ನು 48 ಕಿಲೋಹರ್ಟ್ಸ್, 24 ಬಿಟ್, ಎರಡು ವಾಹಿನಿಗಳ ವೇವ್ ಕಡತವಾಗಿ ಇರಿಸಿದರೆ ಸುಮಾರು 104 ಕೋಟಿ ಬೈಟ್. ಅಂದರೆ ಪಠ್ಯದ 7,200 ಪಟ್ಟು. ಸೆಕೆಂಡಿಗೆ 1 ಮೆಗಾಬಿಟ್ ಸಾಗಿಸುವ ಜಾಲದಲ್ಲಿ ಪಠ್ಯವು ಒಂದು ಸೆಕೆಂಡಿಗೆ ತುಸು ಹೆಚ್ಚು ಕಾಲದಲ್ಲಿ ಬಂದಿಳಿಯುತ್ತದೆ. ಧ್ವನಿಗೆ 2 ಗಂಟೆ 18 ನಿಮಿಷ ಬೇಕು. ಕೇಳುವುದಕ್ಕಿಂತ ತರಿಸಿಕೊಳ್ಳುವುದೇ ದೀರ್ಘವಾಗುತ್ತದೆ. ಟಿಪ್ಪಣಿ ಕಡತಗಳ ಎಕ್ಸ್‌ಎಂಎಲ್ ರೂಪದ ಮೇಲಿನ ದೂರೂ ಇದೇ ಬಗೆಯದು: ಅದರ ಪುನರಾವರ್ತಿತ ಗುರುತುಪಟ್ಟಿಗಳನ್ನು ಜಿಜಿಪ್ ಸಂಕೋಚನವು ಸುಲಭವಾಗಿ ಕುಗ್ಗಿಸಬಲ್ಲದು.

ದೋಷವಿರುವುದು ಸಂಗ್ರಹಪ್ರತಿ ಮತ್ತು ವಿತರಣಪ್ರತಿಗಳನ್ನು ಒಂದೇ ಎಂದು ಭಾವಿಸಿರುವಲ್ಲಿ. ಅನಲಾಗ್ ಧ್ವನಿಮುದ್ರಣಗಳ ಡಿಜಿಟಲೀಕರಣಕ್ಕೆ ಧ್ವನಿಭಂಡಾರಗಳ ಅಂತಾರಾಷ್ಟ್ರೀಯ ಸಂಘ ಐಎಎಸ್ಎ ಸೂಚಿಸುವ 48 ಕಿಲೋಹರ್ಟ್ಸ್, 24 ಬಿಟ್‌ಗಳ ಮಟ್ಟವು ಸಂರಕ್ಷಣೆಯ ಮಾನದಂಡ. ಪ್ರತಿಯೊಬ್ಬ ಕೇಳುಗನಿಗೂ ಅದನ್ನೇ ಕಳುಹಿಸಬೇಕೆಂದು ಅದರ ಅರ್ಥವಲ್ಲ. 2012ರಲ್ಲಿ ಮಾನಕವಾದ ಓಪಸ್‌ನಲ್ಲಿ, ಸೆಕೆಂಡಿಗೆ 24 ಕಿಲೋಬಿಟ್ ದರದಲ್ಲಿ, ಒಂದು ಗಂಟೆಯ ಮಾತು ಸುಮಾರು 1.08 ಕೋಟಿ ಬೈಟ್‌ಗಳಲ್ಲಿ ಅಡಗುತ್ತದೆ. ಅದೇ ಜಾಲದಲ್ಲಿ ಒಂದೂವರೆ ನಿಮಿಷದೊಳಗೆ ತಲುಪುತ್ತದೆ.

ಸಂಕೋಚನವು ಧ್ವನಿವಿಜ್ಞಾನಕ್ಕೆ ಹಾನಿಕರವೆಂಬ ಪ್ರತಿವಾದ ಹಗುರವಾದುದಲ್ಲ. ಘರ್ಷಗಳ ರೋಹಿತವನ್ನೋ ಸ್ಪರ್ಶಗಳ ಸ್ಫೋಟವನ್ನೋ ಅಳೆಯುವವರು ನಷ್ಟಸಹಿತ ಪ್ರತಿಯನ್ನು ನೆಚ್ಚಬಾರದು. ಅವರಿಗಾಗಿ ಮೂಲವು ಉಳಿಯಲೇಬೇಕು. ಫ್ಲಾಕ್‌ನಂತಹ ನಷ್ಟರಹಿತ ರೂಪವು ಮಾಹಿತಿಯನ್ನು ಕಳೆಯದೆಯೇ ಗಾತ್ರವನ್ನು ಇಳಿಸುತ್ತದೆ. ಆದರೆ ಈ ವಾದವು ಎರಡನೆಯ ಪ್ರತಿಯ ಅಗತ್ಯವನ್ನು ಸ್ಥಾಪಿಸುತ್ತದೆಯೇ ಹೊರತು ನಿರಾಕರಿಸುವುದಿಲ್ಲ.

ಇನ್ನೊಂದು ಪರಿಹಾರ ನಮ್ಮ ಟಿಪ್ಪಣಿಗಳಲ್ಲಿಯೇ ಇದೆ. ನೈಮೇಖನ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ ಈಲಾನ್ ತಂತ್ರಾಂಶವು ಪ್ರತಿ ಉಕ್ತಿಯ ಆದಿ-ಅಂತ್ಯಗಳನ್ನು ಮಿಲಿಸೆಕೆಂಡ್‌ಗಳಲ್ಲಿ ದಾಖಲಿಸುತ್ತದೆ. ಕೇಳಿದ ಉಕ್ತಿಯನ್ನಷ್ಟೇ ಕತ್ತರಿಸಿ ಕೊಡಲು ಈ ಮಾಹಿತಿ ಸಾಕು: ಐದು ಸೆಕೆಂಡುಗಳ ಉಕ್ತಿ ಓಪಸ್‌ನಲ್ಲಿ ಸುಮಾರು 15,000 ಬೈಟ್ ಮಾತ್ರ. ಸಂಶೋಧನೆಗಾಗಿ ಪಟ್ಟ ಶ್ರಮವೇ ವಿತರಣೆಗೂ ಒದಗುತ್ತದೆ.

ಕಡತರೂಪದ ಆಯ್ಕೆಯು, ಆದುದರಿಂದ, ತಾಂತ್ರಿಕ ಅನುಬಂಧಕ್ಕೆ ತಳ್ಳಬಹುದಾದ ವಿಷಯವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡನ್ನೋ ಕರಾವಳಿಯ ಕೊರಗರ ಕಥನವನ್ನೋ ಮುದ್ರಿಸಿಕೊಂಡವರು ಅದನ್ನು ದೊಡ್ಡ ಕಡತವಾಗಿಯಷ್ಟೇ ಇರಿಸಿದರೆ, ವೇಗದ ಜಾಲವುಳ್ಳ ವಿಶ್ವವಿದ್ಯಾಲಯವು ಅದನ್ನು ಕೇಳುತ್ತದೆ. ಹಾಡಿದವರ ಮಕ್ಕಳು ಕೈಫೋನಿನಲ್ಲಿ ಕಾಯುತ್ತಾರೆ. ಯಾರಿಗೂ ಬಾಗಿಲು ಮುಚ್ಚಿಲ್ಲವೆಂದು ಭಂಡಾರವು ಹೇಳಿಕೊಳ್ಳಬಹುದು. ಆದರೆ ದಾಖಲೆಯ ಮುಕ್ತತೆಯನ್ನು ಅಳೆಯಬೇಕಾದುದು ಪರವಾನಗಿಯ ಪಠ್ಯದಿಂದ ಮಾತ್ರವಲ್ಲ, ಅದು ಭಾಷಿಕರನ್ನು ತಲುಪಲು ಹಿಡಿಯುವ ಸಮಯದಿಂದಲೂ ಎಂಬುದು ನಮ್ಮ ವಾದ.