ಅಂಗಿಯ ಕೆಳಗಿನ ಫೋಟೊ

ಬಿ.ಎ. ಕೊನೆಯ ವರ್ಷದಲ್ಲಿ ನಮಗೆ ಅರ್ನೆಸ್ಟ್ ಹೆಮಿಂಗ್ವೇಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಪಠ್ಯವಾಗಿತ್ತು. ಪಾಠ ಮಾಡಿದ ಮೇಷ್ಟ್ರು, ಇದು ಸೋಲನ್ನೊಪ್ಪದ ಗಂಡಸಿನ ಛಲದ ಕತೆ ಎಂದರು. ನಾವೂ ಪರೀಕ್ಷೆಯಲ್ಲಿ ಹಾಗೆಯೇ ಬರೆದು ಪಾಸಾದೆವು. ಆಮೇಲೆ ಮದುವೆ, ಮಕ್ಕಳು, ಅತ್ತೆ ಮಾವಂದಿರ ಆರೈಕೆ. ಪುಸ್ತಕ ಟ್ರಂಕಿನ ತಳ ಸೇರಿತು. ಅದು ಮತ್ತೆ ಕೈಗೆ ಬಂದದ್ದು ನಮ್ಮವರು ತೀರಿಕೊಂಡ ವರ್ಷ. ಈ ಸಲ ಓದುವಾಗ, ಮೇಷ್ಟ್ರು ಹೇಳದೇ ಬಿಟ್ಟಿದ್ದ ಒಂದು ವಿವರದ ಹತ್ತಿರ ನಿಂತುಬಿಟ್ಟೆ.

ಅಲ್ಲಿಗೆ ಬರುವ ಮೊದಲು ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ಯೂಬಾ ದೇಶದ ಹವಾನಾ ಹತ್ತಿರದ ಮುದಿ ಬೆಸ್ತ ಸಾಂಟಿಯಾಗೊ. 84 ದಿನಗಳಿಂದ ಒಂದು ಮೀನೂ ಸಿಕ್ಕಿಲ್ಲ. 85ನೆಯ ದಿನ ಒಬ್ಬನೇ ಸಣ್ಣ ದೋಣಿಯಲ್ಲಿ ಬಹಳ ದೂರ ಹೋಗುತ್ತಾನೆ. ಕತ್ತಿಯಂಥ ಮೂತಿಯ ಭಾರೀ ಮಾರ್ಲಿನ್ ಮೀನೊಂದು ಗಾಳಕ್ಕೆ ಬೀಳುತ್ತದೆ. ಎರಡು ರಾತ್ರಿ ಅದು ದೋಣಿಯನ್ನೇ ಎಳೆದೊಯ್ಯುತ್ತದೆ. ಮೂರನೆಯ ದಿನ ಈಟಿಯಿಂದ ಅದನ್ನು ಕೊಂದು ದೋಣಿಯ ಪಕ್ಕಕ್ಕೆ ಕಟ್ಟುತ್ತಾನೆ. ಅದು ದೋಣಿಗಿಂತ ಎರಡು ಅಡಿ ಉದ್ದ. ಮರಳುವ ದಾರಿಯಲ್ಲಿ ಶಾರ್ಕುಗಳು ಮುತ್ತಿ ತಿನ್ನುತ್ತವೆ. ದಡಕ್ಕೆ ಬರುವಾಗ ಉಳಿದದ್ದು ತಲೆ, ಬೆನ್ನೆಲುಬು, ಬಾಲ. 1952ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದಾಗ ಎರಡು ದಿನದಲ್ಲಿ ಐವತ್ತು ಲಕ್ಷ ಪ್ರತಿಗಳು ಖರ್ಚಾದವು. 1953ರಲ್ಲಿ ಪುಲಿಟ್ಜರ್ ಬಹುಮಾನ, ಮರುವರ್ಷ ಲೇಖಕನಿಗೆ ನೊಬೆಲ್.

ಈ ಪುಸ್ತಕದ ಹೆಚ್ಚುಗಾರಿಕೆ ದೊಡ್ಡ ಮಾತುಗಳಲ್ಲಿಲ್ಲ, ಸಣ್ಣ ವಿವರಗಳಲ್ಲಿದೆ. ಎಡಗೈ ಮರಗಟ್ಟಿದಾಗ ಮುದುಕ ಅದನ್ನು ಹಟಮಾರಿ ಮಗುವಿನಂತೆ ಗದರುತ್ತಾನೆ. ಶಕ್ತಿಗಾಗಿ ಹಸಿ ಟ್ಯೂನಾ ಮೀನನ್ನು ಜಗಿಯುತ್ತ, ಉಪ್ಪೋ ನಿಂಬೆಯೋ ಇದ್ದಿದ್ದರೆ ಎಂದು ಹಲುಬುತ್ತಾನೆ. ಇನ್ನೊಂದು ಪ್ರಸಂಗ ಕೇಳಿ. ಊಟಕ್ಕೇನಿದೆ ಎಂದು ಹುಡುಗ ಕೇಳುತ್ತಾನೆ. ಹಳದಿ ಅನ್ನ, ಮೀನು ಇದೆ ಎನ್ನುತ್ತಾನೆ ಮುದುಕ. ಅನ್ನವೂ ಇಲ್ಲ, ಮೀನೂ ಇಲ್ಲ, ಇಬ್ಬರಿಗೂ ಗೊತ್ತು. ಆದರೂ ದಿನವೂ ಈ ಮಾತು ನಡೆಯುತ್ತದೆ. ತಿಂಗಳ ಕೊನೆಯಲ್ಲಿ ಖಾಲಿ ಡಬ್ಬಿಗಳ ಮುಂದೆ ನಿಂತು, ಬಂದವರಿಗೆ ‘ಎಲ್ಲಾ ಇದೆ, ಕೂತ್ಕೊಳ್ಳಿ’ ಎಂದವರಿಗೆ ಇದನ್ನು ವಿವರಿಸಬೇಕೇ?

ಇನ್ನು ನಾನು ನಿಂತುಹೋದ ಜಾಗ. ಮುದುಕನ ಗುಡಿಸಿಲಿನ ಗೋಡೆಯ ಮೇಲೆ ಎರಡು ದೇವರ ಪಟಗಳಿವೆ. ಹೆಂಡತಿ ಇದ್ದಾಗ ತಂದವು. ಅವಳದೂ ಒಂದು ಬಣ್ಣದ ಫೋಟೊ ಅಲ್ಲಿತ್ತು. ನೋಡಿದರೆ ತೀರಾ ಒಂಟಿ ಅನಿಸುತ್ತದೆಂದು ಅದನ್ನು ತೆಗೆದು ಮೂಲೆಯ ಹಲಗೆಯ ಮೇಲೆ, ಒಗೆದ ಅಂಗಿಯ ಕೆಳಗೆ ಇಟ್ಟಿದ್ದಾನೆ. ಇಷ್ಟೇ. ಅವಳಿಗೆ ಹೆಸರಿಲ್ಲ. ಈಗೀಗ ಅವನಿಗೆ ಅವಳ ಕನಸೂ ಬೀಳುವುದಿಲ್ಲ, ಹಿಂದೆಂದೋ ಕಂಡ ಸಿಂಹಗಳ ಕನಸು ಮಾತ್ರ.

ನಾನೂ ನಮ್ಮವರ ಫೋಟೊ ತೆಗೆದಿಟ್ಟಿದ್ದೆ. ಹದಿಮೂರನೆಯ ದಿನ ನಡುಮನೆಯಲ್ಲಿ ಹಾರ ಹಾಕಿ ತೂಗುಹಾಕಿದ್ದನ್ನು ಎರಡು ತಿಂಗಳ ಬಳಿಕ ಇಳಿಸಿ ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟೆ. ಊರಿಂದ ಬಂದ ನಾದಿನಿ, “ಅಣ್ಣನ ಫೋಟೊ ಎಲ್ಲಿ ಅತ್ತಿಗೆ? ಇಷ್ಟು ಬೇಗ ಮರೆತುಬಿಟ್ರಾ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಈ ಪುಸ್ತಕದಲ್ಲಿತ್ತು.

ಅದಕ್ಕೇ ಈ ಲೇಖಕ ಇನ್ನೂ ಏನೇನನ್ನು ಅಂಗಿಯ ಕೆಳಗೆ ಅಡಗಿಸಿಟ್ಟಿದ್ದಾನೆ ಎಂದು ಹುಡುಕತೊಡಗಿದೆ. 1936ರಲ್ಲೇ ‘ಎಸ್ಕ್ವೈರ್’ ಪತ್ರಿಕೆಯ ಲೇಖನವೊಂದರಲ್ಲಿ ಹೆಮಿಂಗ್ವೇ ಇಂಥದೇ ಘಟನೆಯನ್ನು ಹೇಳಿದ್ದ. ಮುದುಕನೊಬ್ಬನನ್ನು ಮಾರ್ಲಿನ್ ದೂರಕ್ಕೆ ಎಳೆದೊಯ್ದಿತ್ತು. ಶಾರ್ಕುಗಳು ತಿಂದು ಉಳಿದದ್ದು ಅರ್ಧಕ್ಕೂ ಕಡಿಮೆ, ಅದೇ 800 ಪೌಂಡು. ಬೇರೆ ಬೆಸ್ತರು ಕಂಡಾಗ ಆ ಮುದುಕ ಹುಚ್ಚನಂತೆ ದೋಣಿಯಲ್ಲಿ ಅಳುತ್ತಿದ್ದನಂತೆ. ಕಾದಂಬರಿಯಲ್ಲಿ ಸಾಂಟಿಯಾಗೊ ಹಾಗೆ ಅಳುವುದಿಲ್ಲ. ಅವನ ಗಾಯದ ಕೈಗಳನ್ನು ನೋಡಿ ಅಳುವವನು ಹುಡುಗ. ಗಂಡಸಿನ ಕಣ್ಣೀರನ್ನು ಮಗುವಿನ ಕಣ್ಣಿಗೆ ದಾಟಿಸಿ, ಮುದುಕನನ್ನು ವೀರನನ್ನಾಗಿ ಉಳಿಸಿಕೊಂಡದ್ದು ಲೇಖಕನ ಜಾಣತನ. ನನಗೇನೋ ಅತ್ತ ಆ ಮೊದಲಿನ ಮುದುಕನೇ ಹತ್ತಿರದವನೆನಿಸುತ್ತಾನೆ.

ಮೀನಿನ ವಿಷಯ ಇನ್ನೂ ಸ್ವಾರಸ್ಯ. ಇಂಗ್ಲಿಷಿನಲ್ಲಿ ಮುದುಕ ಅದನ್ನು ಉದ್ದಕ್ಕೂ ‘ಅವನು’ ಎನ್ನುತ್ತಾನೆ, ತಮ್ಮ ಎಂದು ಕರೆಯುತ್ತಾನೆ. ತೂಕ 1500 ಪೌಂಡಿಗೂ ಹೆಚ್ಚು, ಎಂದರೆ 680 ಕಿಲೊ ಮೀರಿದ್ದು, ಎಂದು ಅವನ ಅಂದಾಜು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ನನ್ನ ಅಣ್ಣನ ಮಗನಿಗೆ ಇದನ್ನು ಹೇಳಿದಾಗ ಅವನು ನಕ್ಕುಬಿಟ್ಟ. “ಅಷ್ಟು ದೊಡ್ಡದಾಗಿದ್ದರೆ ಅದು ಹೆಣ್ಣೇ ಅತ್ತೆ. ಗಂಡು ನೀಲಿ ಮಾರ್ಲಿನ್ 160 ಕಿಲೊ ದಾಟೋದೇ ಅಪರೂಪ.” ಮೂರು ದಿನ ಗಂಡಸರಿಬ್ಬರ ಕಾಳಗವೆಂದು ನಾವು ಓದಿದ್ದು ಹಾಗಾದರೆ ಬೇರೆಯೇ ಏನೋ! ಕತೆಯ ನಡುವೆ ಮುದುಕ ಹಿಂದೊಮ್ಮೆ ಹಿಡಿದ ಹೆಣ್ಣು ಮಾರ್ಲಿನ್ ಒಂದನ್ನು ನೆನೆಯುತ್ತಾನೆ. ಅದರ ಜೊತೆಯ ಗಂಡುಮೀನು ದೋಣಿಯನ್ನು ಬಿಟ್ಟು ಹೋಗದೆ, ಕೊನೆಗೊಮ್ಮೆ ಮೇಲಕ್ಕೆ ಹಾರಿ ಸಂಗಾತಿಯನ್ನು ನೋಡಿ ಆಳಕ್ಕಿಳಿದಿತ್ತು. ಅಗಲಿಕೆಯ ನೋವನ್ನು ಈ ಮುದುಕ ಹೇಳಿಕೊಳ್ಳುವುದು ಮೀನಿನ ನೆಪದಲ್ಲಿ ಮಾತ್ರ.

ಮೊಮ್ಮಗಳಿಗೆ ಕನ್ನಡದಲ್ಲಿ ಈ ಕತೆ ಹೇಳುವಾಗ ಮೀನು ಸಹಜವಾಗಿ ‘ಅದು’ ಆಯಿತು. ನಮ್ಮ ಭಾಷೆಯಲ್ಲಿ ಆ ತಾಪತ್ರಯವಿಲ್ಲ. ಸಮುದ್ರದ ಮಾತು ಮಾತ್ರ ತಿರುವುಮುರುವು. ನಮಗೆ ಸಮುದ್ರ ರಾಜ, ನದಿಗಳು ಅವನ ಮನೆ ಸೇರುವ ಹೆಣ್ಣುಗಳು. ಸಾಂಟಿಯಾಗೊಗೆ ಕಡಲೇ ಹೆಣ್ಣು. ಮೋಟಾರು ದೋಣಿಯ ಹೊಸಬರು ಮಾತ್ರ ಅದನ್ನು ಗಂಡೆಂದು ಕರೆದು ಎದುರಾಳಿಯಂತೆ ಕಾಣುತ್ತಾರೆ ಎಂಬುದು ಅವನ ಬೇಸರ.

ಕಡಲನ್ನು ಹೆಣ್ಣೆಂದರೂ ಕತೆಯ ದೋಣಿಯಲ್ಲಿ ಹೆಣ್ಣಿಗೆ ಜಾಗವಿಲ್ಲ. ನಿಜಜೀವನದಲ್ಲಿ ಹಾಗಿರಲಿಲ್ಲ. 1953ರಲ್ಲಿ ಪೆರುವಿನ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಎಂಬಾತ 1560 ಪೌಂಡಿನ ಕಪ್ಪು ಮಾರ್ಲಿನ್ ಹಿಡಿದ. ಆ ಚಿತ್ರಣವನ್ನು ಈ ಕತೆಯ 1958ರ ಸಿನಿಮಾದಲ್ಲೂ ಬಳಸಿಕೊಂಡರು. ಅದೇ ಕಾಬೊ ಬ್ಲಾಂಕೊದಲ್ಲಿ 1954ರಲ್ಲಿ ಕಿಂಬರ್ಲಿ ವಿಸ್ ಎಂಬ ಮಹಿಳೆ 1525 ಪೌಂಡಿನ ಮೀನು ಹಿಡಿದಳು. ಬರೀ 35 ಪೌಂಡು ಕಡಿಮೆ!

ಕತೆಯಲ್ಲಿ ಬಾಯಿ ಬಿಡುವ ಒಬ್ಬಳೇ ಹೆಂಗಸು ಕೊನೆಗೆ ಬರುವ ಪ್ರವಾಸಿ. ಅವಳು ಮಾರ್ಲಿನ್ನಿನ ಎಲುಬನ್ನು ಶಾರ್ಕಿನದೆಂದು ತಿಳಿದು ಬಾಲದ ಚೆಂದವನ್ನು ಹೊಗಳುತ್ತಾಳೆ. ಪೆದ್ದಿಯ ಪಾತ್ರ ಹೆಣ್ಣಿಗೇ ಯಾಕೆ ಎಂದು ನನಗೆ ಬಹಳ ಕಾಲ ಸಿಟ್ಟಿತ್ತು. ಮತ್ತೆ ಓದಿದಾಗ, ಜೊತೆಯ ಗಂಡಸೂ ತನಗೂ ಗೊತ್ತಿರಲಿಲ್ಲವೆಂದು ತಲೆಯಾಡಿಸುವುದು ಕಂಡಿತು. ಅಷ್ಟರಮಟ್ಟಿಗೆ ಲೇಖಕನ ಮೇಲಿನ ನನ್ನ ದೂರನ್ನು ಹಿಂದಕ್ಕೆ ಪಡೆದಿದ್ದೇನೆ.

ಛಲದ ಕತೆ ಎಂದ ಮೇಷ್ಟ್ರ ಮಾತು ಸುಳ್ಳಲ್ಲ, ಅರ್ಧ. ಆ ಛಲದ ಅಡಿಯಲ್ಲಿ ನೋಡಲಾರದೆ ಇಳಿಸಿಟ್ಟ ಒಂದು ಫೋಟೊ ಇದೆ. ‘ಧೈರ್ಯ ತಂದ್ಕೊಳ್ಳಿ’ ಎನ್ನುವವರಿಗೆ ಅದು ಕಾಣುವುದಿಲ್ಲ. ನೂರು ಚಿಲ್ಲರೆ ಪುಟಗಳ ಪುಸ್ತಕ, ಎರಡು ಮಧ್ಯಾಹ್ನ ಸಾಕು. ಓದುವಾಗ ಆ ಹಲಗೆಯ ಹತ್ತಿರ ಒಂದು ಕ್ಷಣ ನಿಲ್ಲಿ.

ಹೋದ ತಿಂಗಳು ವರ್ಷಾಂತಿಕಕ್ಕೆ ಸೀರೆಗಳನ್ನು ಸರಿಸಿ ಫೋಟೊ ಹೊರತೆಗೆದೆ. ಸೆರಗಿನಿಂದ ಒರೆಸಿ ಗೋಡೆಗೆ ಹಾಕಿದೆ. ಈಗ ಅಲ್ಲೇ ಇದೆ. ನಾಳೆ ಇಳಿಸಬೇಕೆನಿಸಿದರೆ ಇಳಿಸುತ್ತೇನೆ.