ರಸಾರೋಹಣ ಸಿದ್ಧಾಂತ: ಬೋಸರ ಗ್ರಂಥದ ಒಂದು ವಿಮರ್ಶೆ

ಆಚಾರ್ಯ ಜಗದೀಶಚಂದ್ರ ಬೋಸರು 1923ರಲ್ಲಿ ಸಸ್ಯಗಳಲ್ಲಿನ ರಸಾರೋಹಣವನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವು ಭಾರತೀಯ ವಿಜ್ಞಾನದ ಇತಿಹಾಸವನ್ನು ಓದುವವರು ಅಲಕ್ಷಿಸಲಾಗದ ಕೃತಿ. ಅದನ್ನು ಹೊಗಳುವುದು ಸುಲಭ, ತೂಗುವುದು ಕಷ್ಟ. ನಾವು ಸಸ್ಯಶಾಸ್ತ್ರಜ್ಞರಲ್ಲ. ಆದರೆ ಪ್ರಮಾಣಗಳ ಬಲಾಬಲವನ್ನು ಅರಿಯುವುದು ಇತಿಹಾಸದ ಅಭ್ಯಾಸಿಗಳಿಗೂ ಸೇರಿದ ಕಾರ್ಯವಾಗಿದೆ.

ತೊಗಟೆಯ ಒಳಪದರದ ಜೀವಕೋಶಗಳು ಹೃದಯದಂತೆ ಮಿಡಿಯುತ್ತ ನೀರನ್ನು ಮೇಲಕ್ಕೆ ನೂಕುತ್ತವೆಂಬುದು ಬೋಸರ ವಾದ. ಸಸ್ಯಕ್ಕೂ ಪ್ರಾಣಿಗೂ ನಡುವೆ ಜೀವದ ಏಕತೆಯನ್ನು ಕಂಡ ಅವರ ದರ್ಶನಕ್ಕೆ ಇದು ಸಹಜವಾದ ಮುಂದುವರಿಕೆ. ಅವರ ಉಪಕರಣಗಳ ಸೂಕ್ಷ್ಮತೆಯೂ ಅಸಾಧಾರಣವಾದುದು.

ಆದರೆ ವಿರುದ್ಧ ಪ್ರಮಾಣಗಳು ಪ್ರಬಲವಾಗಿವೆ. 1891ರಲ್ಲಿ ಜರ್ಮನಿಯ ಸ್ಟ್ರಾಸ್‌ಬರ್ಗರ್, ಬುಡದಲ್ಲಿ ಕತ್ತರಿಸಿದ ಎತ್ತರದ ಮರಗಳನ್ನು ವಿಷದ್ರಾವಣದಲ್ಲಿ ನಿಲ್ಲಿಸಿದನು. ದ್ರಾವಣವು ಹಾದಿಯ ಜೀವಕೋಶಗಳನ್ನು ಕೊಲ್ಲುತ್ತಲೇ ಮೇಲಕ್ಕೇರಿತು. ಕಾಂಡದ ತೊಗಟೆಯನ್ನು ಬಳೆಯಂತೆ ಸುತ್ತಲೂ ತೆಗೆದರೂ ಎಲೆಗಳು ಕೂಡಲೇ ಬಾಡುವುದಿಲ್ಲ. ನೀರಿನ ದಾರಿ ಒಳಗಿನ ಮರದ ನಾಳಗಳಲ್ಲಿದೆ. ಎಲೆಗಳಿಂದ ಆವಿಯಾಗುವ ನೀರು, ಪರಸ್ಪರ ಅಂಟಿಕೊಂಡಿರುವ ನೀರಿನ ಕಣಗಳ ಎಳೆಯನ್ನೇ ಮೇಲಕ್ಕೆ ಸೆಳೆಯುತ್ತದೆಂದು ಡಿಕ್ಸನ್ ಮತ್ತು ಜಾಲಿ 1894ರಲ್ಲಿ ಪ್ರತಿಪಾದಿಸಿದರು. 1965ರಲ್ಲಿ ಶೋಲಾಂಡರ್ ಮತ್ತು ಸಂಗಡಿಗರು ಒತ್ತಡದ ಪೆಟ್ಟಿಗೆಯಿಂದ ಅಳೆದುದು ಈ ಸೆಳೆತವನ್ನೇ.

ಋತುಮಾನದ ಸಾಕ್ಷ್ಯವೂ ಇಲ್ಲಿ ಪರಿಶೀಲನಾರ್ಹ. ನಮ್ಮ ನಾಡಿನ ಎಲೆಯುದುರುವ ಕಾಡುಗಳ ತೇಗವು ಬೇಸಗೆಯಲ್ಲಿ ಬೋಳಾಗಿ ನಿಲ್ಲುತ್ತದೆ. ಸೆಳೆತವು ಎಲೆಯಲ್ಲಿ ಹುಟ್ಟುವುದಾದರೆ ಇದರ ಅರ್ಥ ಸ್ಪಷ್ಟ: ನೆಲ ಒಣಗಿದಾಗ ಸೆಳೆತ ಮಿತಿಮೀರಿದರೆ ನಾಳದೊಳಗೆ ಗಾಳಿ ನುಗ್ಗಿ ನೀರಿನ ಎಳೆ ತುಂಡಾಗುತ್ತದೆ, ಎಲೆ ಕಳಚುವುದರಿಂದ ಆ ಅಪಾಯ ತಗ್ಗುತ್ತದೆ. ಹೊಸ ಬೆಳವಣಿಗೆ ಮೊದಲಾದಾಗ ತೇಗವು ಅಗಲವಾದ ನಾಳಗಳನ್ನೂ ಅನಂತರ ಕಿರಿದಾದವನ್ನೂ ಕಟ್ಟುತ್ತದೆ. ಆ ವರ್ಷವಲಯಗಳು ಗತಕಾಲದ ಮಳೆಯನ್ನರಿಯಲು ಇಂದು ಇತಿಹಾಸಕ್ಕೂ ಆಕರವಾಗಿವೆ. ಕಾಂಡದ ಮಿಡಿತವೊಂದರಿಂದಲೇ ಇವನ್ನೆಲ್ಲ ವಿವರಿಸುವುದು ದುಸ್ಸಾಧ್ಯ.

ಹಾಗೆಂದು ಜೀವಕೋಶಗಳಿಗೆ ಪಾತ್ರವೇ ಇಲ್ಲವೆನ್ನಲಾಗದು. ವಸಂತದಲ್ಲಿ ಎಲೆ ಮೂಡುವ ಮುನ್ನ ಕತ್ತರಿಸಿದ ದ್ರಾಕ್ಷಿಬಳ್ಳಿಯು ರಸವನ್ನು ಬಲವಾಗಿ ಹೊರನೂಕುವುದನ್ನು ಸ್ಟೀಫನ್ ಹೇಲ್ಸ್ ತನ್ನ 1727ರ ಗ್ರಂಥದಲ್ಲಿಯೇ ಅಳತೆಗಳೊಡನೆ ದಾಖಲಿಸಿದ್ದಾನೆ. ಚಳಿಗಾಲದ ಹಿಮದಿಂದ ಗಾಳಿಗುಳ್ಳೆ ತುಂಬಿದ ನಾಳಗಳನ್ನು ಮತ್ತೆ ನೀರಿನಿಂದ ತುಂಬಲು ಅಂಥ ಬಳ್ಳಿಗೆ ಈ ನೂಕು ನೆರವಾಗುತ್ತದೆ. ಆದರೆ ಅದು ಬೇರಿನ ಒತ್ತಡ, ತೊಗಟೆಯ ಮಿಡಿತವಲ್ಲ. ಹೆಮ್ಮರದ ತುದಿಗೆ ದಿನವೂ ನೀರೊದಗಿಸಲು ಅದು ಸಾಲದು.

ಬೋಸರ ಈ ಸಿದ್ಧಾಂತ ನಿಲ್ಲಲಿಲ್ಲವೆಂದು ವಿದ್ಯಾರ್ಥಿಗಳಿಗೆ ಹೇಳಲು ಅಧ್ಯಾಪಕರು ಸಂಕೋಚಪಡಬೇಕಾಗಿಲ್ಲ. ಪರಾಧೀನ ದೇಶದಲ್ಲಿ ಸ್ವತಂತ್ರವಾಗಿ ಪ್ರಶ್ನಿಸಿದ ಅವರ ಹಿರಿಮೆ ಇದರಿಂದ ಕುಂದದು. ಅವರನ್ನು ಪ್ರಶ್ನೆಗೆ ಅತೀತರೆಂದು ಪೂಜಿಸುವುದಾದರೆ, ಅವರು ನಮಗೆ ಬಿಟ್ಟುಹೋದ ಮಾರ್ಗವನ್ನೇ ನಾವು ತೊರೆದಂತಾಗುತ್ತದೆ.